ದುಡಿದರಷ್ಟೇ ಓಡುವ ಗಡಿಯಾರ

ಆಯುಧಪೂಜೆಯ ದಿನ ಅರ್ಧ ಹೊತ್ತು ರಜೆ ಎಂಬುದು ಇಡೀ ಮೈಸೂರಿಗೆ ಗೊತ್ತು. ನಮ್ಮ ಊದುಬತ್ತಿ ಕಾರ್ಖಾನೆಯ ನಂಜುಂಡಶೆಟ್ಟರಿಗೆ ಮಾತ್ರ ಗೊತ್ತಿಲ್ಲ. ಅವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಗೊಂಬೆ ಆರತಿ. ಮಗಳು ಕೇರಿಯ ಮಕ್ಕಳನ್ನೆಲ್ಲ ಕರೆದು, ಅಮ್ಮ ಬಾರದೆ ಆರತಿ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದಳು.

ಅಂಥ ದಿನವೇ ಕಾರ್ಖಾನೆಯ ಮೆಕ್ಯಾನಿಕ್ಕು, ನನ್ನ ಅಕ್ಕನ ಗಂಡ ಶ್ರೀಕಂಠು ಭಾವ, ಒಂದು ಬುಟ್ಟಿ ಕೈಗಡಿಯಾರ ಹೊತ್ತು ಬಂದರು.

"ಉಪಯೋಗದ ಕೆಲ್ಸ ಮಾಡಿದ್ರೆ ಓಡುತ್ತೆ, ತಲೆ ಕೆರ್ಕೊಂಡ್ರೆ ನಿಲ್ಲುತ್ತೆ. ಎಂಟು ಗಂಟೆ ತುಂಬೋವರ್ಗೂ ಪಟ್ಟಿ ಬಿಚ್ಚಲ್ಲ, ಗೇಟೂ ತೆಗಿಯಲ್ಲ."

"ದನಕ್ಕೆ ಕಟ್ಟೋ ಹಗ್ಗ ಅನ್ನಿ ಭಾವ."

"ವಿಜ್ಞಾನ ಕಣಮ್ಮ!"

"ನೀವು ಹರಟೆಲಿ ಕಳೆಯೋದು ನನ್ನ ಟೈಮು," ಎಂದರು ಶೆಟ್ಟರು, ಎಲೆಯಡಿಕೆ ಜಗಿಯುತ್ತ. "ಎಂಟು ಗಂಟೆ ಆಗ್ಲಿ, ಆಮೇಲೆ ಪೂಜೆ."

ಗಂಟೆಗೆ ಎಷ್ಟು ಕೆಲಸ ಎಂಬ ಅಳತೆಯನ್ನೂ ಅವರೇ ಕೊಟ್ಟಿದ್ದರಂತೆ. "ನನ್ನ ಕೈಗಿಂತ ಬೇರೆ ಅಳತೆ ಬೇಕಾ?" ಎಂದು ಒಂದು ಗಂಟೆ ಕೂತು ಬತ್ತಿ ಹೊಸೆದಿದ್ದರಂತೆ. ಅಷ್ಟು ಬತ್ತಿ ಆದರೆ ಗಡಿಯಾರಕ್ಕೆ ಒಂದು ಗಂಟೆ. ಆ ಪುಣ್ಯಾತ್ಮರು ಹೊಸೆದದ್ದು ಎಷ್ಟೋ, ಅಂಗೈಗೆ ಮೆತ್ತಿಕೊಂಡದ್ದು ಎಷ್ಟೋ!

ನಾವು ಗಡಿಯಾರ ಕಟ್ಟಿಕೊಂಡು ಹೊಸೆಯಲು ಕೂತೆವು. ಗಡಿಯಾರದ ಮುಳ್ಳು ಬುರ್ರನೆ ತಿರುಗಿತು. ಕಾಫಿ ಬರುವ ಮೊದಲೇ ಎಂಟು ಗಂಟೆ ತುಂಬಿ, ಎಲ್ಲರ ಪಟ್ಟಿ ಟಪಟಪ ಬಿಚ್ಚಿಕೊಂಡಿತು. ಭಾವ ಸಂಭ್ರಮದಿಂದ ತಮ್ಮ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೆಲ್ಲ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿಯೇಬಿಟ್ಟರು.

"ಮೋಸ! ಗಡಿಯಾರ ಕೆಟ್ಟಿದೆ," ಶೆಟ್ಟರು ಕೆಂಪಾದರು. "ಕೊಡು, ನಾನೇ ಪರೀಕ್ಷೆ ಮಾಡ್ತೀನಿ."

"ಬೇಡ ಶೆಟ್ರೇ," ಎಂದು ಭಾವ ಹೇಳುವಷ್ಟರಲ್ಲಿ ಕಟ್ಟಿಕೊಂಡಾಗಿತ್ತು. ಬೆರಳು ತೋರಿಸಿ ಗದರಿದರು. ಮುಳ್ಳು ಅಲ್ಲಾಡಲಿಲ್ಲ. ನೋಟಿನ ಕಟ್ಟು ಎಣಿಸಿದರು. ಅದಕ್ಕೂ ಅಲ್ಲಾಡಲಿಲ್ಲ. ನಮಗೆ ತೆರೆದ ಗೇಟು ಅವರು ಹತ್ತಿರ ಬಂದೊಡನೆ ಮುಚ್ಚಿಕೊಂಡಿತು.

"ಶ್ರೀಕಂಠು, ಸ್ಕ್ರೂಡ್ರೈವರ್ ತಗೊಂಡು ಬಿಚ್ಚೋ."

ಭಾವ ಗಲ್ಲ ಗಲ್ಲ ಬಡಿದುಕೊಂಡರು. "ಪೂಜೆಗಿಟ್ಟ ಆಯುಧ ನಾಳೆವರ್ಗೂ ಮುಟ್ಟೋ ಹಾಗಿಲ್ಲ ಶೆಟ್ರೇ. ನೀವೇ ಅಲ್ವಾ ಎಂಟು ಗಂಟೆ ಆದ್ಮೇಲೆ ಪೂಜೆ ಅಂದಿದ್ದು?"

"ಮಾದೇವಿ, ನೀನಾದ್ರೂ ಹೇಳಮ್ಮ," ಎಂದು ನನ್ನತ್ತ ತಿರುಗಿದರು.

"ಕೂತು ನಾಲ್ಕು ಬತ್ತಿ ಹೊಸೀರಿ ಶೆಟ್ರೇ, ತಾನಾಗೇ ಬಿಚ್ಚುತ್ತೆ," ಎಂದು ಗೇಟಿನ ಸಂದಿಯಿಂದ ಕಡಲೆಪುರಿ ಪೊಟ್ಟಣ ಕೊಟ್ಟು ಹೊರಟೆ. ಮನೆಯಲ್ಲಿ ಮಗಳು ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೊಟ್ಟೆ ತುಂಬಾ ನಕ್ಕು ಆರತಿ ಮಾಡಿದೆವು.

ಮರುದಿನ ಹೋಗಿ ನೋಡಿದರೆ ಶೆಟ್ಟರ ಗಡಿಯಾರ ಹತ್ತು ನಿಮಿಷ ತೋರಿಸುತ್ತಿತ್ತು. ಅದೂ ಸೊಳ್ಳೆ ಹೊಡೆದದ್ದಕ್ಕೆ.