ಮನೆ ನೋಡಲು ಬಂದ ಮಾಳವ್ವ

ಮನ್ಮಥಪ್ಪನ ಹೆಂಡತಿ ಶಿವಕಾಂತಾ ನಿಲಂಗಾದ ತವರಿಗೆ ಹೋಗಿದ್ದಳು. ಅಂಥ ಹೊತ್ತಿನಲ್ಲಿ ಮನ್ಮಥಪ್ಪ ಉದಗೀರದ ಬಜಾರದಲ್ಲಿ, ಹಾಡಹಗಲೇ, ಒಂದು ಹಸಿರು ಖಣ ಕೊಂಡ. ಅವನಿಂದಾದ ತಪ್ಪು ಇಷ್ಟೇ. ಉಳಿದದ್ದನ್ನೆಲ್ಲ ಓಣಿಯವರು ಮಾಡಿದರು.

ಖಣವನ್ನು ಮಡಚಿ ಬಗಲಲ್ಲಿ ಇಟ್ಟುಕೊಳ್ಳುವಾಗ ಪಕ್ಕದ ಮನೆಯ ಪ್ರಯಾಗಬಾಯಿ ಕಂಡಳು. ಊರಲ್ಲಿ ಮಾರಿಹೋದ ಕುಪ್ಪಸದ ಬಟ್ಟೆ ಯಾರ ಮೈಮೇಲೆ ಬಿತ್ತೆಂದು ತಿಳಿಯದಿದ್ದರೆ ಅನ್ನ ಸೇರದ ಹೆಂಗಸು ಅವಳು.

"ಯಾರಿಗೋ ಮನ್ಮಥಪ್ಪಾ, ಖಣಾ?"

ಮನ್ಮಥಪ್ಪ ಸುಮ್ಮನೆ ನಿಂತ. ಅವನು ಮೊದಲೇ ಮಾತಿನ ಮನುಷ್ಯನಲ್ಲ. ಕಾಳಿನ ಪೇಟೆ ಮೋಂಢಾದ ಅಡತಿ ಅಂಗಡಿಯಲ್ಲಿ ದಿನವಿಡೀ ಜೋಳ, ತೊಗರಿಗಳ ತೂಕ ಕೂಗುವುದು ಅವನ ಕೆಲಸ. ದೇವರು ಕೊಟ್ಟ ಮಾತೆಲ್ಲ ಅಲ್ಲೇ ಖರ್ಚಾಗಿ, ಮನೆಗೆ ಬರುವಾಗ ಬಾಯಿ ಬರಿಗೋಣಿಯಾಗಿರುತ್ತಿತ್ತು.

"ಶಿವಕಾಂತಾಗ ಹಸರು ಸೇರಂಗಿಲ್ಲಲ್ಲ?" ಎಂದಳು ಪ್ರಯಾಗಬಾಯಿ.

ಅವನು ಅದಕ್ಕೂ ಸುಮ್ಮನಿದ್ದ. ಪ್ರಯಾಗಬಾಯಿಯ ಲೆಕ್ಕದಲ್ಲಿ ಒಮ್ಮೆ ಸುಮ್ಮನಿದ್ದರೆ ಅನುಮಾನ, ಎರಡನೆಯ ಸಲವೂ ಸುಮ್ಮನಿದ್ದರೆ ಒಪ್ಪಿಗೆ. ಅವಳು ತಾನು ಕೊಳ್ಳಲು ಬಂದದ್ದನ್ನು ಮರೆತು ಓಣಿಯ ಕಡೆ ತಿರುಗಿದಳು.

ಆ ಖಣ ನಾಯಿಗೆಂದು ತಂದದ್ದು.

ಹೋದ ತಿಂಗಳು ಓಣಿಯಲ್ಲಿ ಕಳ್ಳ ಬಂದು ಒಂದು ಮನೆಯ ತಾಮ್ರದ ಹಂಡೆಯನ್ನು ನೀರಿನ ಸಮೇತ ಎತ್ತಿಕೊಂಡು ಹೋಗಿದ್ದ. ಮನ್ಮಥಪ್ಪನೋ ಸುಗ್ಗಿಯಲ್ಲಿ ಮಾಲು ತರಲು ಹಳ್ಳಿಹಳ್ಳಿ ಅಲೆಯುವವನು. ಮನೆಯಲ್ಲಿ ಒಬ್ಬಳೇ ಇರುವುದು ತನ್ನಿಂದಾಗದು, ಒಂದು ನಾಯಿ ತರುವತನಕ ಈ ಮನೆಯಲ್ಲಿ ಒಂದು ರಾತ್ರಿಯೂ ಮಲಗುವುದಿಲ್ಲ ಎಂದು ಹೇಳಿ ಶಿವಕಾಂತಾ ಪೆಟ್ಟಿಗೆ ಕಟ್ಟಿದ್ದಳು. ಈ ಹೊತ್ತು ಸಂಜೆಯ ಮೋಟಾರಿಗೆ ಬಂದು ನೋಡುವವಳಿದ್ದಳು. ನಾಯಿ ಇದ್ದರೆ ಇರುವುದು, ಇಲ್ಲದಿದ್ದರೆ ತಿರುಗಿ ಹೋಗುವುದು. ಅವಳು ಹೋದಾಗಿನಿಂದ ಮನ್ಮಥಪ್ಪ ತಾನೇ ತಟ್ಟಿದ ರೊಟ್ಟಿ ತಿನ್ನುತ್ತಿದ್ದ. ಆ ರೊಟ್ಟಿ ಮುರಿಯುವ ಸದ್ದಿಗೆ ಪಕ್ಕದ ಮನೆಯ ಕೂಸು ಎಚ್ಚರಾಗುತ್ತಿತ್ತು.

ನಾಯಿ ಬೇಕೆಂದವರು ದೇವಣಿಯ ಮಾಳವ್ವನ ಹತ್ತಿರ ಹೋಗಬೇಕು. ಸಂಸ್ಥಾನ ಬಿದ್ದ ಪೋಲೀಸ್ ಆಕ್ಷನ್ನಿನ ಗಡಿಬಿಡಿಯಲ್ಲಿ ಎಷ್ಟೋ ಮಂದಿ ರಾತ್ರೋರಾತ್ರಿ ಊರು ಬಿಟ್ಟಿದ್ದರು. ಅವರ ನಾಯಿಗಳು ಮಾತ್ರ ಬೀಗ ಹಾಕಿದ ಬಾಗಿಲುಗಳ ಮುಂದೆ ಕೂತೇ ಇದ್ದವು. ಬೊಗಳುತ್ತಲೂ ಇರಲಿಲ್ಲ. ಮಾಳವ್ವ ಅವನ್ನು ಒಂದೊಂದಾಗಿ ಕರೆದೊಯ್ದು ಊರ ಹೊರಗಿನ ತನ್ನ ಕುರಿದೊಡ್ಡಿಯಲ್ಲಿ ಇಟ್ಟುಕೊಂಡಳು. ಆಮೇಲೆ ಯಾರಿಗೆ ನಾಯಿ ಬೇಡವಾದರೂ ಬೀದಿಗೆ ಬಿಡುವ ಬದಲು ಅಲ್ಲಿಗೇ ಒಯ್ಯತೊಡಗಿದರು. ಮೋಂಢಾದ ಅಡತಿಯವರು ನೆಲಕ್ಕೆ ಉದುರಿದ ಜೋಳ ಗುಡಿಸಿ ಚೀಲ ಕಟ್ಟಿ ಆ ದೊಡ್ಡಿಗೆ ಕಳಿಸುತ್ತಿದ್ದರು. ಚೀಲ ಹೊಲಿಯುತ್ತಿದ್ದ ಮನ್ಮಥಪ್ಪನಿಗೆ ಅವಳ ಹೆಸರು ಗೊತ್ತಾದದ್ದು ಹಾಗೆ.

ಆದರೆ ಮಾಳವ್ವನಿಂದ ನಾಯಿ ಪಡೆಯುವುದೆಂದರೆ ಸಾಹುಕಾರನ ಮನೆಯ ಹೆಣ್ಣು ತಂದಷ್ಟೇ ಕಷ್ಟ. ಅವಳ ಮನೆತನದಲ್ಲಿ ನಾಯಿ ಮಾರುವಂತಿಲ್ಲ. ಕುಲದೇವರು ಬೀರಪ್ಪನ ಕುರಿ ಕಾಯ್ದ ಪ್ರಾಣಿಗೆ ಬೆಲೆ ಕಟ್ಟಬಾರದು. ಹೆಣ್ಣು ಕೊಟ್ಟ ಹಾಗೆ ಕೊಡಬೇಕು. ಮೊದಲು ತಾನೇ ಬಂದು ಮನೆ ನೋಡುತ್ತಾಳೆ. ನೆರೆಯವರನ್ನು ವಿಚಾರಿಸುತ್ತಾಳೆ. ಎಲ್ಲ ಒಪ್ಪಿಗೆಯಾದರೆ, ಪಡೆಯುವವರು ಇಟ್ಟ ಹಸಿರು ಖಣವನ್ನು ನಾಯಿಯ ಕೊರಳಿಗೆ ಕಟ್ಟಿ, ಹಣೆಗೆ ಅರಿಶಿನದ ಭಂಡಾರ ಹಚ್ಚಿ ಕಳಿಸಿಕೊಡುತ್ತಾಳೆ.

ಇದನ್ನೆಲ್ಲ ಪ್ರಯಾಗಬಾಯಿಗೆ ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಬೀದಿನಾಯಿ ಅಂಗಳದಲ್ಲಿ ಹಾದುಹೋದರೂ ಅವಳು ಎರಡು ಸಲ ಸಗಣಿ ಸಾರಿಸುವವಳು. ನಾಯಿ ಬಂದ ಮೇಲೆ ಬೈದರೆ ಬೈಯಲಿ, ಬರುವ ಮೊದಲು ಬೇಡ ಎಂದು ಮನ್ಮಥಪ್ಪ ಬಾಯಿ ಮುಚ್ಚಿಕೊಂಡಿದ್ದ.

ಕೆಂಪಿ ಎಂಬ ನಾಯಿಯನ್ನು ಕೊಡುವ ಮೊದಲು ಮಾಳವ್ವ ಅಂದೇ ಮನೆ ನೋಡಲು ಬರುವವಳಿದ್ದಳು. ಮನೆಗೆ ಬಂದವನೇ ಮನ್ಮಥಪ್ಪ ಅಂಗಳ ಗುಡಿಸಿದ. ಗೋಡೆಯ ಮೂಲೆಗೆ ಸುಣ್ಣ ಬಳಿದ. ಹೊಸ ಚಾಪೆ ಹಾಸಿದ. ಹಾಲು ಕಾಯಿಸಿ ಇಟ್ಟ. ಎದುರು ಕಟ್ಟೆಯ ಮೇಲೆ ಮಶಿನ್ನು ತುಳಿಯುತ್ತಿದ್ದ ದರ್ಜಿ ದಿಗಂಬರ ಇದನ್ನೆಲ್ಲ ನೋಡುತ್ತ ಒಂದೇ ಅಂಗಿಗೆ ಮೂರು ತೋಳು ಹೊಲಿದ.

ಪ್ರಯಾಗಬಾಯಿ ಅವನ ಹತ್ತಿರ ಬಂದು ಖಣದ ಸಂಗತಿ ಹೇಳಿದಳು. ದಿಗಂಬರ ಚಾಪೆಯ ಸಂಗತಿ ಹೇಳಿದ. ಇಬ್ಬರ ಸಂಗತಿಗಳನ್ನೂ ಕೂಡಿಸಿ ಹೊಲಿದಾಗ ಅದು ಪಕ್ಕಾ ಎರಡನೆಯ ಮದುವೆಯಾಯಿತು. ಆಗಿನ್ನೂ ಆ ಸೀಮೆಯಲ್ಲಿ ಅದಕ್ಕೆ ಕಾಯದೆಯ ಅಡ್ಡಿ ಇರಲಿಲ್ಲ.

"ಹೆಣ್ಣಿನ ಕಡಿಂದ ಯಾರಾದ್ರೂ ಬರತಾರ ನೋಡು ಈಗ," ಎಂದಳು ಪ್ರಯಾಗಬಾಯಿ.

ಬಿಸಿಲು ನೆತ್ತಿಗೆ ಬರುವಾಗ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಕೋಲು, ಹಣೆಯ ತುಂಬ ಭಂಡಾರ, ಹೆಗಲಲ್ಲಿ ಒಂದು ಜೋಳಿಗೆ. ಮಾಳವ್ವನ ಹೆಸರು ಓಣಿಯವರು ಕೇಳಿದ್ದರೇ ಹೊರತು ಮುಖ ಕಂಡಿರಲಿಲ್ಲ. ಹೆಣ್ಣಿನ ಮನೆಯಿಂದ ಮೊದಲು ಒಬ್ಬ ಹಿರಿಯಳು ಗದ್ದಲವಿಲ್ಲದೆ ಬಂದು ಮನೆ ನೋಡಿಹೋಗುವುದು ಅಲ್ಲಿನ ರೂಢಿ. ದಿಗಂಬರ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು ತಲೆಯಾಡಿಸಿದ.

ಮಾಳವ್ವ ಒಳಗೆ ಹೋದವಳೇ ಗೋಡೆಯ ಎತ್ತರವನ್ನು ಕೋಲಿನಿಂದ ನೋಡಿದಳು. ಹಾಲು ಮೂಸಿದಳು. ಹೊಸ ಚಾಪೆಯ ಮೇಲೆ ತಾನೇ ಉರುಳಿ ಮಲಗಿ, ಬಿಸಿಲು ಕಣ್ಣಿಗೆ ಬೀಳುತ್ತದೆಯೇ ಎಂದು ಪರೀಕ್ಷಿಸಿ, ಚಾಪೆಯನ್ನು ಬೇವಿನ ನೆರಳಿಗೆ ಎಳೆಸಿದಳು. ಆಮೇಲೆ ಜೋಳಿಗೆಯಿಂದ ಉದ್ದನೆಯ ಹಗ್ಗ ತೆಗೆದು ಒಂದು ತುದಿಯನ್ನು ತನ್ನ ಮುಂಗೈಗೆ ಕಟ್ಟಿಕೊಂಡು, ಇನ್ನೊಂದನ್ನು ಮನ್ಮಥಪ್ಪನಿಗೆ ಕೊಟ್ಟಳು.

"ನಾ ನಡೀತೀನಿ. ನೀ ಹಿಂದಿಂದ ಬಾ."

ಅವಳು ಅಂಗಳದಲ್ಲಿ ಅಡ್ಡಾದಿಡ್ಡಿ ನಡೆದಳು. ಬೇವಿನ ಬುಡದಲ್ಲಿ ಥಟ್ಟನೆ ನಿಂತಳು. ಮನ್ಮಥಪ್ಪ ಅವಳನ್ನು ದಾಟಿ ನಡೆಯುತ್ತಲೇ ಇದ್ದುದರಿಂದ ಹಗ್ಗ ಬಿಗಿಯಿತು.

"ಎಳೀಬ್ಯಾಡ. ಅದು ಮೂಸೂದು ಮುಗಿಸೂತನ ನಿಂದರಬೇಕು. ಅದಕ್ಕ ಅದೇ ವರ್ತಮಾನ ಪತ್ರಿಕಿ."

ಮನ್ಮಥಪ್ಪ ನಿಂತ. ನಿಲ್ಲುವುದೂ ಸುಮ್ಮನಿರುವುದೂ ಅವನಿಗೆ ಸುಲಭವಾಗಿ ಬರುತ್ತಿದ್ದ ವಿದ್ಯೆಗಳು. ಮುದುಕಿಯ ಮುಖದಲ್ಲಿ ಮೆಚ್ಚುಗೆ ಕಂಡಿತು. ಗೋಡೆಯಾಚೆ ಕಲ್ಲಿನ ಮೇಲೆ ಹತ್ತಿ ಇಣುಕುತ್ತಿದ್ದ ಪ್ರಯಾಗಬಾಯಿ ಕಂಡದ್ದು ಬೇರೆ: ಇಬ್ಬರು ಹಗ್ಗದ ಎರಡು ತುದಿ ಹಿಡಿದು ಅಂಗಳದ ಮೂಲೆಮೂಲೆಗೆ ಓಡಾಡುತ್ತಿದ್ದರು.

"ಹಂದರದ ಅಳತಿ ತಗೋಳ್ಳಾಕತ್ಯಾರ," ಎಂದು ಅವಳು ಇಳಿದು ಬಂದು ದಿಗಂಬರನಿಗೆ ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಶಿವಕಾಂತಾ ಬಾವಿಕಟ್ಟೆಯಲ್ಲಿ ಅವಳ ಕೊಡಕ್ಕೆ ಜಾಗ ಬಿಡುತ್ತಿದ್ದ ಓಣಿಯ ಒಬ್ಬಳೇ ಸೊಸೆ. ಅಂಥವಳ ಬಾಳು ಹಾಳಾಗುವುದನ್ನು ನೋಡುತ್ತ ಕೂರುವುದುಂಟೇ?

ಅಷ್ಟರಲ್ಲಿ ಮಾಳವ್ವ ತಾನಾಗಿಯೇ ಅವಳ ಬಾಗಿಲಿಗೆ ಬಂದು, ಈ ಮನ್ಮಥಪ್ಪ ಎಂಥ ಮನುಷ್ಯ ಎಂದು ಕೇಳಿದಳು. ಕೇಳುವುದೇ ತಡ, ಪ್ರಯಾಗಬಾಯಿ ಬೀಗತನ ಮುರಿಯಲು ನಿಂತಳು. ಹೆಂಡತಿ ಹೊಟ್ಟೆಗಿಲ್ಲದೆ ತವರಿಗೆ ಓಡಿಹೋದಳೆಂದಳು. ಮನ್ಮಥಪ್ಪನ ಮೌನವನ್ನು ನಂಬಬೇಡಿರೆಂದೂ, ಹೊಡೆಯುವಾಗಲೂ ಅವನು ಬಾಯಿ ಬಿಡುವುದಿಲ್ಲವೆಂದೂ ಸೇರಿಸಿದಳು. ದಿಗಂಬರ ಅಷ್ಟಕ್ಕೇ ಬಿಡಲಿಲ್ಲ. ಅವನು ತನ್ನ ಕಡೆಯಿಂದ ಮಾತಿನಲ್ಲೇ ಮನ್ಮಥಪ್ಪನಿಗೆ ಸಿಂದಿ ಕುಡಿಸಿದ, ಇಸ್ಪೀಟು ಆಡಿಸಿದ, ಕೊನೆಗೆ ಅವನ ಒಂದು ಆಕಳನ್ನೂ ಉಪವಾಸ ಕೆಡವಿ ಕೊಂದ. ಮನ್ಮಥಪ್ಪನಿಗೆ ಎಂದೂ ಆಕಳೇ ಇರಲಿಲ್ಲ.

ಆಕಳಿನ ಮಾತಿಗೆ ಮಾಳವ್ವನ ಮುಖ ಹುಣಸೆಹಣ್ಣಿನಂತಾಯಿತು. ಅವಳು ಹಿಂತಿರುಗಿ ಬಂದು ಹೊಸ್ತಿಲ ಮೇಲೆ ಕೂತಳು. ಅಲ್ಲಿಂದಲೇ ಮನ್ಮಥಪ್ಪನನ್ನು ಕೇಳಿದಳು.

"ನಿನ್ನ ಹೆಂಡತಿ ಯಾವಾಗ ಬರತಾಳ?"

"ಸಂಜಿಗಿ, ಆಯಿ."

"ಬರಲಿ. ಆಕಿ ಬಾಯಿಲೇ ಕೇಳಿ ಹೋಗತೀನಿ."

ಮನ್ಮಥಪ್ಪನಿಗೆ ಖುಷಿಯಾಯಿತು. ತನ್ನ ಹೆಂಡತಿಗೆ ನಾಯಿ ಬೇಕೇ ಬೇಕು. ಅವಳು ಬಂದು ಎರಡು ಒಳ್ಳೆಯ ಮಾತಾಡಿದರೆ ಕೆಲಸ ಮುಗಿದಂತೆ. ಅವನು ಮಾಳವ್ವನಿಗೆ ಹಾಲು ಕೊಟ್ಟ. ಅವಳು ಅವನನ್ನೇ ನೋಡುತ್ತ ಕುಡಿದಳು.

ಸಂಜೆ ನಿಲಂಗಾದ ಮೋಟಾರು ಬರುವ ಮೊದಲೇ ದಿಗಂಬರ ಅದು ನಿಲ್ಲುವ ಅಡ್ಡೆಯಲ್ಲಿ ಹಾಜರಿದ್ದ. ಶಿವಕಾಂತಾ ಪೆಟ್ಟಿಗೆಯೊಂದಿಗೆ ಇಳಿಯುತ್ತಿದ್ದಂತೆ ಖಣ, ಚಾಪೆ, ಹಂದರ, ಮುದುಕಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಆ ಮುದುಕಿ ಇನ್ನೂ ಮನೆಯಲ್ಲೇ ಕೂತಿದ್ದಾಳೆಂದ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಎದೆ ಬಡಿದುಕೊಂಡು ಅಳುತ್ತಿದ್ದರು. ಶಿವಕಾಂತಾ ಸೆರಗು ಬಿಗಿದುಕೊಂಡಳು. ಗಂಡನ ಜೊತೆ ಜಗಳಾಡಿ ಏನು ಉಪಯೋಗ? ಹೆಣ್ಣು ಕೊಡಲು ಬಂದವಳನ್ನು ಓಡಿಸಿದರೆ ಕೆಲಸ ಬೇರಿನಿಂದಲೇ ಮುಗಿಯುತ್ತದೆ. ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಳು.

ಒಳಗೆ ಬಂದವಳು ಗಂಡನ ಕಡೆ ನೋಡಲೇ ಇಲ್ಲ. ಸೀದಾ ಮುದುಕಿಯ ಕಾಲು ಮುಟ್ಟಿ ಎದುರಿಗೆ ಕೂತಳು. ಗೋಡೆಯಾಚೆಯ ಕಲ್ಲಿನ ಮೇಲೆ ಪ್ರಯಾಗಬಾಯಿ ಹತ್ತಿದಳು. ಬಾಗಿಲಲ್ಲಿ ದಿಗಂಬರ ಪೆಟ್ಟಿಗೆ ಹೊತ್ತು ನಿಂತ.

"ಯವ್ವಾ, ಖರೇ ಹೇಳು," ಎಂದಳು ಮಾಳವ್ವ. "ಹೊತ್ತಿಗಿ ಸರಿಯಾಗಿ ಹಾಕ್ತಾನೇನು?"

"ತಾವು ಉಂಡು ಉಳದ್ರ ನನಗ. ಇಲ್ಲಾಂದ್ರ ನೀರು."

ಮನ್ಮಥಪ್ಪನ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು.

"ಮಳಿ ಬಂದ್ರ?"

"ಅಂಗಳದಾಗೇ ಕೂಡಿಸ್ಯಾರ. ಊರಿಗಿ ಹೋಗಬೇಕಾದ್ರ ಒಳಗ ಹಾಕಿ ಹೊರಗಿಂದ ಕೀಲಿ."

"ಜಡ್ಡು ಬಂದ್ರ ದವಾಖಾನಿಗಿ ಒಯ್ತಾನೋ ಇಲ್ಲೋ?"

"ಒಮ್ಮಿನೂ ಒಯ್ದಿಲ್ರೀ. ತಾನಾಗೇ ನೆಟ್ಟಗಾಗತದ ಬಿಡು ಅಂತಾರ."

"ಆಯಿ, ಇದು..." ಎಂದ ಮನ್ಮಥಪ್ಪ. ಇಡೀ ದಿನದಲ್ಲಿ ಅವನು ತಾನಾಗಿ ಆಡಹೊರಟ ಮೊದಲ ಮಾತು ಅದು.

"ನೀ ಸುಮ್ಮನಿರು. ನಿನ್ನ ಕೇಳಿಲ್ಲ." ಮಾಳವ್ವ ಶಿವಕಾಂತಾಳ ಕಡೆ ಬಾಗಿದಳು. ಈಗ ಅವಳ ದನಿ ತಗ್ಗಿತ್ತು. ಇದು ಅವಳು ಎಲ್ಲರಿಗೂ ಕಡೆಗೆ ಕೇಳುವ ಪ್ರಶ್ನೆ. "ನಾಳಿಗಿ ವಯಸ್ಸಾತು, ಕಣ್ಣು ಕಾಣಂಗಿಲ್ಲ, ಕೆಲಸಕ್ಕ ಬರಂಗಿಲ್ಲ. ಆವಾಗ ಏನು ಮಾಡ್ತಾನ?"

ಶಿವಕಾಂತಾ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

"ಯಾವುದಾದ್ರೂ ಸಂತಿಗಿ ಒಯ್ದು ಬಿಟ್ಟು ಬರತಾರ."

ಮಾಳವ್ವ ಕೋಲೂರಿ ಎದ್ದಳು.

"ನನ್ನ ಕೆಂಪಿನ ಈ ಮನಿಗಿ ಕೊಡಂಗಿಲ್ಲ. ಎಂಥೆಂಥ ಮನಿ ನೋಡೀನಿ. ನಾಯಿ ಕೊಡಾಕ ಇಂಥ ಮನಿ ನೋಡಿದ್ದಿಲ್ಲ."

"ಏನು ಕೊಡಾಕ?" ಎಂದಳು ಶಿವಕಾಂತಾ.

"ನಾಯಿ. ನಾ ದೇವಣಿ ಮಾಳವ್ವ."

ದಿಗಂಬರ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಗೋಡೆಯ ಮೇಲಿಂದ ಪ್ರಯಾಗಬಾಯಿಯ ತಲೆ ಹೊತ್ತು ಮುಳುಗಿದ ಹಾಗೆ ಮುಳುಗಿತು. ಶಿವಕಾಂತಾ ಗಂಡನನ್ನು ನೋಡಿದಳು, ಖಣವನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು. ಆಮೇಲೆ ಮುದುಕಿಯ ಕೈ ಹಿಡಿದು, ತಾನು ಹೇಳಿದ್ದೆಲ್ಲ ಸುಳ್ಳೆಂದೂ, ತನ್ನ ಗಂಡ ಇರುವೆಗೂ ದಾರಿ ಬಿಡುವವನೆಂದೂ, ಹೋದ ವರ್ಷ ಜ್ವರ ಬಂದಾಗ ತನ್ನನ್ನು ದವಾಖಾನೆಗೆ ಹೊತ್ತೇ ಒಯ್ದನೆಂದೂ ಗೋಗರೆದಳು.

ಮಾಳವ್ವ ಅವಳ ತಲೆ ಸವರಿದಳು. ಒದ್ದವನ ಕಾಲನ್ನೇ ನೆಕ್ಕುವ ನಾಯಿಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಮೊದಲು ಆಡಿದ ಮಾತೇ ಖರೆ, ಆಮೇಲಿನದು ಅಂಜಿಕೆಯದು ಎಂದಳು. ನೆರೆಯವರಿಬ್ಬರೂ ಅದನ್ನೇ ಹೇಳಿದ್ದಾರೆಂದು ದಿಗಂಬರನ ಕಡೆ ಕೋಲು ತೋರಿಸಿದಳು. ಆಕಳಿನ ಮಾತು ಹಿಂದಕ್ಕೆ ತೆಗೆದುಕೊಂಡರೆ ದಿಗಂಬರನೇ ಸುಳ್ಳುಗಾರನಾಗುತ್ತಿದ್ದ, ತೆಗೆದುಕೊಳ್ಳದಿದ್ದರೆ ಮನ್ಮಥಪ್ಪ ಕಟುಕನಾಗುತ್ತಿದ್ದ. ದಿಗಂಬರ ಒಂದು ಗಳಿಗೆ ತೂಗಿ ನೋಡಿ, ಮನ್ಮಥಪ್ಪನನ್ನು ಕಟುಕನಾಗಿಯೇ ಬಿಟ್ಟ.

"ಈಗ ನೀ ಎಲ್ಲಿರಾಕಿ?" ಎಂದು ಮಾಳವ್ವ ಶಿವಕಾಂತಾಳನ್ನು ಕೇಳಿದಳು.

ಅದೇ ತೊಡಕಾಗಿತ್ತು. ನಾಯಿಯಿಲ್ಲದೆ ಈ ಮನೆಯಲ್ಲಿ ರಾತ್ರಿ ಕಳೆಯುವುದಿಲ್ಲವೆಂದು ಅವಳು ತವರಿನಲ್ಲಿ ಎಲ್ಲರೆದುರು ಹೇಳಿ ಬಂದಿದ್ದಳು. ನಿಲಂಗಾಕ್ಕೆ ಇನ್ನು ಮೋಟಾರೂ ಇರಲಿಲ್ಲ.

"ನನ್ನ ಸಂಗಟ ಬಾ. ದೊಡ್ಡ್ಯಾಗ ರಗಡ ಜಾಗಾ ಅದ. ಸುತ್ತಲೂ ನಾಯಿ. ಕಳ್ಳ ಅಲ್ಲ, ಅವನಪ್ಪ ಬರಂಗಿಲ್ಲ."

ಶಿವಕಾಂತಾ ಗಂಡನ ಮುಖ ನೋಡಿದಳು. ಅವನು ಏನಾದರೂ ಅನ್ನಲಿ ಎಂದು ಕಾದಳು. ಮನ್ಮಥಪ್ಪನ ಗಂಟಲಿನಲ್ಲಿ ಅಂದಿನ ತೂಕಕ್ಕೆ ಖರ್ಚಾಗದ ಮಾತುಗಳು ರಾಶಿ ಬಿದ್ದಿದ್ದವು. ಯಾವುದನ್ನು ಮೊದಲು ತೆಗೆಯಬೇಕೆಂದು ಅವನು ಹುಡುಕುತ್ತಿರುವಾಗಲೇ ಹೊತ್ತು ಮೀರಿತು. ಅವಳು ಎದ್ದಳು. ಪೆಟ್ಟಿಗೆಯನ್ನು ದಿಗಂಬರನೇ ಮತ್ತೆ ಹೊತ್ತ.

ದೇವಣಿಯ ಮೋಟಾರು ಹೊರಡಲು ಗುರುಗುಟ್ಟುತ್ತಿತ್ತು. ಇಬ್ಬರು ಹೆಂಗಸರು ಕಿಟಕಿಯ ಬದಿಗೆ ಕೂತು ಆಗಲೇ ಕೆಂಪಿಯ ಬುದ್ಧಿಯ ಬಗ್ಗೆ ಮಾತಿಗೆ ತೊಡಗಿದ್ದರು. ಹಿಂದಿನಿಂದ ಓಡಿಬಂದ ಮನ್ಮಥಪ್ಪ ಕಿಟಕಿಯ ಸರಳು ಹಿಡಿದುಕೊಂಡ.

"ಆಯಿ, ನಾಯಿ ಬ್ಯಾಡ ಬಿಡ್ರಿ. ಹೆಂಡತಿನರ ಯಾವಾಗ ಕಳಸ್ತೀರಿ?"

"ನನ್ನ ದೊಡ್ಡಿಗಿ ಬಂದವರನ್ನ ನಾ ಹಂಗೆ ಕಳಸಂಗಿಲ್ಲ," ಎಂದಳು ಮಾಳವ್ವ. "ಮನಿ ನೋಡೇ ಕಳಸಾಕಿ. ಆದರ ನಿನ್ನ ಪಾಳಿ ತಡಾ ಅದ. ಗುಂಜೋಟಿ ಊರಾಂವ ಒಬ್ಬ, ಒಂದು ಕುಂಟ ನಾಯಿ ಬೇಕಂತ ದೀಪಾವಳಿಯಾಗೇ ಕೇಳ್ಯಾನ. ಮೊದಲ ಅವನ ಮನಿ ಪಾಸಾಗಲಿ."