ಮೂರು ಅಂಗಡಿ, ಒಂದೇ ಪಂಕ್ತಿ

ಖಲಂದರನಿಗೆ ಮೆಣಸಿನಕಾಯಿ ಘಾಟು ಆಗುತ್ತಿರಲಿಲ್ಲ. ಅವನು ಕೆಲಸಕ್ಕಿದ್ದ ಸೀರೆ ಅಂಗಡಿಯ ಮಾಲೀಕ ಕೊಟ್ರಪ್ಪನವರು, "ಇವತ್ತ ಕೆಲಸ ಕೆಡಿಸಿದಿ ಅಂದ್ರ ನಾಳೆ ಬ್ಯಾಡಗಿ ಅಂಗಡಿಗೆ ಕಳಸ್ತೇನಿ" ಎಂದ ಕೂಡಲೇ ಅವನು ಹಾವೇರಿಯಲ್ಲೇ ಎರಡು ಸಲ ಸೀನಿದ.

ಗಿರಾಕಿಗಳಿಗೆ ಮೆಸೇಜ್ ಕಳಿಸುವ ಹೊಸ ಸಾಫ್ಟ್‌ವೇರ್ ಬಂದಿತ್ತು. ಕೊಟ್ರಪ್ಪನವರ ಹಾವೇರಿ ಅಂಗಡಿ, ಅವರ ತಮ್ಮಂದಿರ ರಾಣೆಬೆನ್ನೂರು, ಬ್ಯಾಡಗಿ ಅಂಗಡಿಗಳ ಗಿರಾಕಿ ಪಟ್ಟಿಗಳನ್ನು ಅದರಲ್ಲಿ ಬೇರೆಬೇರೆಯಾಗಿ ತುಂಬಿ, ಒಂದೊಂದನ್ನೇ ಚಾಲೂ ಮಾಡಬೇಕು. ಖಲಂದರ ಹಾವೇರಿಗೆ ಗುರುತು ಹಾಕಿದ್ದನ್ನು ಕೊಟ್ರಪ್ಪನವರು ಹಿಂದೆ ನಿಂತು ನೋಡಿದರು.

"ನನ್ನ ತಮ್ಮಂದಿರಿಬ್ರನ್ನ ಬಿಟ್ಟೀಯಲ್ಲೋ?"

"ಅವರದು ಆಮ್ಯಾಲ ಬರತೈತ್ರಿ, ಸಾವ್ಕಾರ್ರ."

"ಆಮ್ಯಾಲ ಅಂದ್ರ ಮನಿ ಒಡೀತೈತಿ. ಪಂಕ್ತಿಭೇದ ಬ್ಯಾಡ. ಎಲ್ಲಾರಿಗೂ ಕೂಡೇ ಬಡಸು."

ಕಟ್ಟೆಯ ಮೇಲೆ ಸೀರೆಗೆ ಫಾಲ್ ಹಚ್ಚುತ್ತಿದ್ದ ನಬಿಸಾಬ, "ಖರೇ ಮಾತು" ಎಂದ.

ಖಲಂದರ ಮೂರಕ್ಕೂ ಗುರುತು ಹಾಕಿ ಗುಂಡಿ ಒತ್ತಿದ. ಪರೀಕ್ಷೆಗೆಂದು ಕ್ಯಾಶ್ ಕೌಂಟರಿನ ಪುಷ್ಪಲತಾಗೆ ಮಾತ್ರ ಬರೆದಿಟ್ಟಿದ್ದ 'ಫಾಲ್ ಹಚ್ಚಿದ ನಿಮ್ಮ ಸೀರೆ ತಯಾರಿದೆ, ಇಂದೇ ಒಯ್ಯಿರಿ' ಎಂಬ ಮೆಸೇಜು ಮೂರೂ ಊರಿನ ಆರು ಸಾವಿರ ಮಂದಿಗೆ ಹೋಯಿತು.

ಮೊದಲು ಬಂದವಳು ಅಗಡಿ ಊರಿನ ಕುಲ್ಸುಮಬಿ.

"ನೀವು ಸೀರಿ ಕೊಟ್ಟಿದ್ರೇನ್ರಿ?" ಎಂದಳು ಪುಷ್ಪಲತಾ.

"ಇಲ್ಲವ್ವಾ. ಆದ್ರ ತಯಾರಾಗೇತಿ ಅಂದೀರಲ್ಲ, ತರ್ರಿ."

ಮಧ್ಯಾಹ್ನದ ಹೊತ್ತಿಗೆ ಅಂಗಡಿ ಬೆಲ್ಲಕ್ಕೆ ಇರುವೆ ಮುತ್ತಿದಂತಾಯಿತು. ರಾಣೆಬೆನ್ನೂರಿನಿಂದ ನಡುವಿನ ತಮ್ಮ ಸುಭಾಷ ಫೋನ್ ಮಾಡಿ, "ಅಣ್ಣಾ, ಮೇಡ್ಲೇರಿ ಬಸ್ಸು ಸೀದಾ ನಮ್ಮ ಅಂಗಡ್ಯಾಗ ಇಳದೈತಿ" ಎಂದ. ಖಲಂದರ ಬ್ಲೌಸ್ ಪೀಸಿನ ಗಂಟುಗಳ ಹಿಂದೆ ಕೂತು ಬ್ಯಾಡಗಿ ಬಸ್ಸಿನ ವೇಳೆ ನೆನೆಸಿಕೊಂಡ.

ಆದರೆ ಊರಿನಿಂದ ಬಂದವರು ಬರಿಗೈಲಿ ಮರಳುವುದುಂಟೇ? ಬೈದು ಬೈದು ದಣಿದವರು ಕೂತರು. ಕೂತವರು ಸೀರೆ ಬಿಚ್ಚಿಸಿದರು. ಸಂಜೆ ಸುಭಾಷ ಮತ್ತೆ ಫೋನ್ ಮಾಡಿದ: "ಎರಡು ವರ್ಷದ ಹಳೇ ಮಾಲೆಲ್ಲಾ ಖಾಲಿ, ಅಣ್ಣಾ." ಹಾವೇರಿಯ ಕಪಾಟುಗಳೂ ಬರಿದಾಗಿದ್ದವು. ಕೊಟ್ರಪ್ಪನವರು ನಕ್ಕರು. ಖಲಂದರ ಗಂಟುಗಳ ಹಿಂದಿನಿಂದ ಎದ್ದು ಬಂದ. ಪುಷ್ಪಲತಾ ತರಿಸಿದ ಚಹಾ ಕುಡಿದ.

ಆಗ ಬ್ಯಾಡಗಿಯಿಂದ ಕಿರಿಯ ತಮ್ಮ ವಿಜಯಮಹಾಂತೇಶನ ಫೋನ್ ಬಂತು.

"ನನ್ನ ಅಂಗಡಿಗೆ ನರಪಿಳ್ಳೆ ಬಂದಿಲ್ಲಣ್ಣ. ಹೆಣ್ಮಕ್ಳೆಲ್ಲಾ ಮೆಣಸಿನಕಾಯಿ ತೊಟ್ಟು ಬಿಡಸಾಕತ್ತಾರ. ಆ ಕೈಲೆ ಫೋನ್ ಯಾರು ಮುಟ್ಟತಾರ?"

ಕೊಟ್ರಪ್ಪನವರು ಫೋನ್ ಇಟ್ಟು, ಖಲಂದರನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಇಂಥಾ ಶಾಣ್ಯಾನ್ನ ನಾ ಒಬ್ಬನೇ ಇಟ್ಕೊಂಡ್ರ ಪಂಕ್ತಿಭೇದ ಆಕ್ಕೈತಿ. ನಾಳೆಯಿಂದ ನೀ ಬ್ಯಾಡಗ್ಯಾಗ ಕುಂದ್ರು."

ಖಲಂದರ ಸೀನಿದ. ನಬಿಸಾಬ ಉಳಿದಿದ್ದ ಫಾಲ್ ತುಂಡೊಂದನ್ನು ಮುಂದೆ ಹಿಡಿದ.

"ಮೂಗಿಗೆ ಕಟ್ಕೋ. ತಯಾರೈತಿ."