ನಲವತ್ತೊಂದು ಮಂದಿಯ ನಗೆ ನಿಂತದ್ದಕ್ಕೆ ಸಮಜಾಯಿಷಿ

ಇಂದ,
ಉರುಕುಂದಪ್ಪ ತಂದೆ ದಿವಂಗತ ತಾಯಣ್ಣ,
ಸಮುದಾಯ ಟಿ.ವಿ. ಪೆಟ್ಟಿಗೆಯ ಉಸ್ತುವಾರಿಗಾರ (ಸದ್ಯಕ್ಕೆ),
ಕೆಂಚಮರಡಿ ಗ್ರಾಮ, ಮಾನ್ವಿ ತಾಲೂಕು.

ಗೆ,
ಮಾನ್ಯ ಹಾಸ್ಯ ಮೌಲ್ಯಮಾಪನ ಅಧಿಕಾರಿಗಳು,
ಗ್ರಾಮೀಣ ಟಿ.ವಿ. ವೀಕ್ಷಣಾ ಶಾಖೆ, ರಾಯಚೂರು.

ದಿನಾಂಕ: 9-2-1976

ವಿಷಯ: ‘ನಗುತ್ತ ಕಲಿ’ ಕಾರ್ಯಕ್ರಮದ ಹನ್ನೊಂದನೇ ಕಂತಿನಲ್ಲಿ ಪ್ರೇಕ್ಷಕರ ನಗೆ ಹಠಾತ್ತನೆ ನಿಂತುಹೋದ ಬಗ್ಗೆ ಸಮಜಾಯಿಷಿ ಹಾಗೂ ಪೆಟ್ಟಿಗೆಯನ್ನು ದೇವದುರ್ಗ ತಾಲೂಕಿಗೆ ಸಾಗಿಸದಿರಲು ಪ್ರಾರ್ಥನೆ.

ಉಲ್ಲೇಖ: 1) ತಮ್ಮ ಕಚೇರಿಯ ಜ್ಞಾಪನ ಪತ್ರ, ಸಂಖ್ಯೆ ಹಾಮೌ/47/75-76.
2) ಪಂಚಾಯಿತಿ ಚೇರ್ಮನ್ ಸಾಹೇಬರ ದೂರು.
3) ಅರ್ಜಿದಾರನ ತಾಯಿ ದಿನಾ ಸಂಜೆ ಕೇಳುವ ಪ್ರಶ್ನೆ (ಮೌಖಿಕ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ತಮಗೆ ರೂಢಿಯಂತೆ ದೂರದಿಂದಲೇ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನು ಎಸ್ಸೆಸ್ಸೆಲ್ಸಿ ಪಾಸಾದವನು. ಕೆಂಚಮರಡಿಯ ಕೇರಿಯಲ್ಲಿ ಅಷ್ಟು ಓದಿದವನು ಅವನೊಬ್ಬನೇ. ಕಾರಣ, ತಮ್ಮ ಕಚೇರಿಯು ಅವನನ್ನು ರಾಯಚೂರಿಗೆ ಕರೆಸಿ, ಎರಡು ದಿನ ತರಬೇತಿ ಕೊಟ್ಟು, ಪೆಟ್ಟಿಗೆಯ ಕೀಲಿಯನ್ನು ಅವನ ಕೈಗೆ ಒಪ್ಪಿಸಿತು. ಆದರೆ ಪೆಟ್ಟಿಗೆ ಇರುವುದು ಊರ ಚಾವಡಿಯಲ್ಲಿ. ಕೇರಿಯವರು ಚಾವಡಿಯ ಹೊಸ್ತಿಲು ದಾಟುವುದು ಕಾನೂನಿನಲ್ಲಿ ಉಂಟು, ಊರಲ್ಲಿ ಇಲ್ಲ. ಆದ್ದರಿಂದ ಹಿರಿಯರೆಲ್ಲ ಕೂಡಿ ಒಂದು ದಾರಿ ಹುಡುಕಿದರು. ಸಂಜೆ ಮಂದಿ ಬರುವ ಮುಂಚೆ ಅರ್ಜಿದಾರನು ಒಳಗೆ ಹೋಗಿ ಗುಂಡಿ ತಿರುಗಿಸಬೇಕು, ಮಂದಿ ಬರುವಷ್ಟರಲ್ಲಿ ಹೊರಗೆ ಬಂದಿರಬೇಕು. ಗುಂಡಿ ತಿರುಗಿಸುವ ತನಕ ಅವನು ಸರ್ಕಾರದವನು, ತಿರುಗಿಸಿದ ಮೇಲೆ ಕೇರಿಯವನು. ಈ ಏರ್ಪಾಡಿನ ಬಗ್ಗೆ ಯಾರಿಂದಲೂ ತಕರಾರು ಬಂದಿರಲಿಲ್ಲ, ಬಾರದಂತೆ ನೋಡಿಕೊಳ್ಳಲಾಗಿತ್ತು.

2. ಚಿತ್ರ ಹಿಡಿಯುವ ಜಾಲರಿ ಛತ್ರಿ ಮಾತ್ರ ಅಂಗಳದಲ್ಲಿದೆ. ಅದರ ಮೇಲೆ ಕಾಗೆ ಕೂಡದಂತೆ ಕಾಯುವುದೂ, ಧೂಳು ಒರೆಸುವುದೂ ಅರ್ಜಿದಾರನ ಕೆಲಸ. ಅಂದರೆ ತಾವು ಕಳಿಸುವ ಚಿತ್ರ ಮೊದಲು ಕೇರಿಯವರ ನಡುವೆ ಇಳಿದು, ನಮ್ಮ ತಲೆಯ ಮೇಲಿಂದ ಹಾದು, ಆಮೇಲೆ ಒಳಗಿನವರಿಗೆ ಕಾಣುತ್ತದೆ. ಇದು ಚೇರ್ಮನ್ ಸಾಹೇಬರ ಗಮನಕ್ಕೆ ಇನ್ನೂ ಬಂದಿಲ್ಲ. ತಾವು ದಯವಿಟ್ಟು ತಿಳಿಸಬಾರದು. ಛತ್ರಿಗೂ ಜಳಕ ಮಾಡಿಸಿಯಾರು.

3. ಹನ್ನೊಂದನೇ ಕಂತನ್ನು ತೂಗಿ ನೋಡಿ, ನಮೂನೆ ಏಳರಲ್ಲಿ ಅಭಿಪ್ರಾಯ ಬರೆದು ಕಳಿಸಲು ತಮ್ಮ ಆದೇಶವಾಗಿತ್ತು. ನಟರ ಅಭಿನಯ ಹೇಗಿತ್ತು? ಎಷ್ಟು ಜನ ನಕ್ಕರು? ಎಷ್ಟು ಹೊತ್ತು ನಕ್ಕರು? ಸಂದೇಶ ತಲುಪಿತೇ? ಕಿಟಕಿಯಾಚೆ ನಿಂತು ಒಳಗಿನವರ ಬೆನ್ನು ನೋಡುವವನು ನಟರ ಅಭಿನಯಕ್ಕೆ ಎಷ್ಟು ಅಂಕ ಕೊಡಬೇಕೆಂಬುದು ಸದರಿ ತರಬೇತಿಯಲ್ಲಿ ಬಂದಿರಲಿಲ್ಲ. ಆದರೂ ಒಳಗೆ ನಲವತ್ತೊಂದು, ಹೊರಗೆ ಅರವತ್ತಮೂರು ಎಂದು ತಲೆ ಎಣಿಸಿಕೊಂಡನು.

ಹೊರಗಿನವರಿಗೆ ಕಥೆ ಹೇಳುವವಳು ಗೋಪಮ್ಮ. ಕೇರಿಯಲ್ಲಿ ಎಲ್ಲರಿಗಿಂತ ಎತ್ತರದವಳಾದ ಕಾರಣ ಕಿಟಕಿ ಅವಳ ಪಾಲಿನದು. ಅವಳು ನೋಡಿ ಹೇಳಬೇಕು, ಉಳಿದವರು ಕೇಳಿ ನಗಬೇಕು. ಹೀಗಾಗಿ ಹೊರಗಿನ ನಗೆ ಯಾವಾಗಲೂ ಒಳಗಿನದಕ್ಕಿಂತ ತುಸು ತಡವಾಗಿ ಬರುತ್ತದೆ. ಒಮ್ಮೆ ಯಾರೋ ಬಿದ್ದರೆಂದಳು. ಯಾಕೆ ಬಿದ್ದರೆಂದು ಹಿಂದಿನವರು ಕೇಳಿದರು. “ಮಂದಿ ನಗಾಕತ್ಯಾರ, ಅದಕ್ಕ ಬಿದ್ದಿರಬೇಕು” ಎಂದಳು. ಅಭಿನಯದ ಬಗ್ಗೆ ಅರ್ಜಿದಾರನ ಅಭಿಪ್ರಾಯವೂ ಇಷ್ಟೇ.

4. ಕಂತಿನ ಕಥೆ ತಮಗೆ ಗೊತ್ತಿದ್ದರೂ ಕಡತಕ್ಕಾಗಿ ಹೇಳುವುದಾದರೆ, ಒಬ್ಬ ಸಾಹುಕಾರನ ಮನೆಗೆ ಪಟ್ಟಣದಿಂದ ಹೆಂಡತಿಯ ಸೋದರತ್ತೆ ಬರುವವಳಿರುತ್ತಾಳೆ. ಆತ ಅವಳ ಮುಖ ನೋಡಿದವನಲ್ಲ. ಅಷ್ಟರಲ್ಲಿ ಕೂಲಿ ಹೆಣ್ಣುಮಗಳೊಬ್ಬಳು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಸಾಹುಕಾರ ಅವಳನ್ನೇ ಸೋದರತ್ತೆ ಎಂದುಕೊಂಡು, “ಬನ್ನಿ ಅತ್ತೆ, ಒಳಗೆ ಬನ್ನಿ. ಹೊರಗೇಕೆ ನಿಂತಿದ್ದೀರಿ? ಇದು ನಿಮ್ಮದೇ ಮನೆ” ಎನ್ನುತ್ತಾನೆ. ಇದೇ ಹಾಸ್ಯ. ಕೂಲಿಯವಳನ್ನು ಒಳಗೆ ಕರೆಯುವುದಕ್ಕಿಂತ ದೊಡ್ಡ ಹಾಸ್ಯ ಉಂಟೇ? ಒಳಗಿನ ನಲವತ್ತೊಂದು ಮಂದಿಯೂ ಬಿದ್ದು ಬಿದ್ದು ನಕ್ಕರು. ಚೇರ್ಮನ್ ಸಾಹೇಬರಂತೂ ತೊಡೆ ತಟ್ಟಿಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕರು. ಇದಕ್ಕೆ ಹತ್ತಕ್ಕೆ ಹತ್ತು ಕೊಡಲಾಗಿದೆ.

5. ಇಲ್ಲಿಗೆ ಸರಿಯಾಗಿ ಅರ್ಜಿದಾರನ ತಾಯಿ ಮೂಕಮ್ಮ ಎದ್ದಳು. ಅರವತ್ತು ದಾಟಿದವಳು, ಕಣ್ಣು ಕಿವಿ ಎರಡೂ ಚುರುಕಾಗಿವೆ. ಪೆಟ್ಟಿಗೆಯೊಳಗಿನ ಸಾಹುಕಾರ ಎರಡನೇ ಸಲ, ಮೂರನೇ ಸಲ ಒಳಗೆ ಕರೆದನು, ಕೂಲಿಯವಳು ಒಳಗೆ ಕಾಲಿಟ್ಟಳು. ಇತ್ತ ಮೂಕಮ್ಮನೂ ಸೆರಗು ಹೊದ್ದುಕೊಂಡು, ಅಂಗಾಲಿನ ಮಣ್ಣು ಒರೆಸಿಕೊಂಡು, ಚಾವಡಿಯ ಹೊಸ್ತಿಲು ದಾಟಿ ನಡೆದೇಬಿಟ್ಟಳು. ಪೆಟ್ಟಿಗೆಗೆ ಕೈಮುಗಿದಳು. ಮುಂದಿನ ಸಾಲಿನಲ್ಲಿ ಜಾಗ ನೋಡಿಕೊಂಡು ಕೂಡಲು ಅರ್ಧ ಬಗ್ಗಿದಳು.

ನಗೆ ನಿಂತದ್ದು ಆಗ. ಪೆಟ್ಟಿಗೆಯೊಳಗೆ ನಡೆದಾಗ ಅಷ್ಟು ನಕ್ಕವರು, ಅದೇ ಸಂಗತಿ ಕಣ್ಣೆದುರು ನಡೆದಾಗ ಯಾಕೆ ನಗಲಿಲ್ಲವೆಂಬುದನ್ನು ತಮ್ಮ ಶಾಖೆಯ ತಜ್ಞರೇ ಹೇಳಬೇಕು. ಚೇರ್ಮನ್ ಸಾಹೇಬರು ಎದ್ದು, ಜೀವಮಾನದಲ್ಲಿ ಮೊದಲ ಸಲ ತಮ್ಮ ಕೈಯಾರೆ ಗುಂಡಿ ತಿರುಗಿಸಿ ಪೆಟ್ಟಿಗೆ ಬಂದ್ ಮಾಡಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮುದುಕಿ ಕೂಡದೆಯೇ ಹೊರಗೆ ಬಂದಳು. ಅರ್ಜಿದಾರನಿಗೆ ಸಿಟ್ಟು ಬಂತು, ಭಯವೂ ಆಯಿತು. ಮನೆಗೆ ಹೋಗಿ ಯಾಕೆ ಹೀಗೆ ಮಾಡಿದೆಯೆಂದು ಅವಳನ್ನೇ ಬೈದನು. ಅದಕ್ಕೆ ಅವಳು ಕೊಟ್ಟ ಹೇಳಿಕೆ:

“ಕರದ್ರು, ಹೋದೆ ಯಪ್ಪಾ. ಕರದಾಗ ಹೋಗ್ಲಿಲ್ಲಂದ್ರ ಸೊಕ್ಕು ಅಂತಾರ.”

ಸದರಿಯವಳು ನಿಜಕ್ಕೂ ತಿಳಿಯದೆ ಹೋದಳೋ, ತಿಳಿದೇ ಹೋದಳೋ ಎಂಬುದು ಹೆತ್ತ ಮಗನಿಗೂ ಈವರೆಗೆ ಗೊತ್ತಾಗಿಲ್ಲ.

6. ಮರುದಿನ ಚಾವಡಿಯನ್ನು ತೊಳೆದರು. ತೊಳೆಯಲಿ, ಕಸವಾದರೂ ಹೋಯಿತು. ಆದರೆ ಅವಳು ಕೈಮುಗಿದದ್ದು ಪೆಟ್ಟಿಗೆಗಾದ್ದರಿಂದ ಪೆಟ್ಟಿಗೆಗೂ ಮೈಲಿಗೆಯಾಯಿತೆಂದು ಅದರ ನೆತ್ತಿಯ ಮೇಲೆ ಒಂದು ತಂಬಿಗೆ ನೀರು ಸುರಿದರು. ಸಂಜೆ ಅರ್ಜಿದಾರನು ಗುಂಡಿ ತಿರುಗಿಸಿದಾಗ ಚಟ್ ಎಂದಿತು, ಹೊಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಮೂಕಮ್ಮನ ಕಾಲ್ಗುಣದಿಂದ ಪೆಟ್ಟಿಗೆ ಕೆಟ್ಟಿತೆಂದು ತಮಗೆ ದೂರು ಬಂತು. ಒಂಬತ್ತು ದಿನ ಕೇರಿಯ ಒಂದಾಳನ್ನೂ ಕೂಲಿಗೆ ಕರೆಯಲಿಲ್ಲ. ಹತ್ತನೇ ದಿನ ಭತ್ತದ ಕೊಯ್ಲು ಇದ್ದುದರಿಂದ ಧರ್ಮ ತುಸು ಸಡಿಲವಾಯಿತು.

ತಾವೇ ಕಳಿಸಿದ ಮೆಕ್ಯಾನಿಕ್ ಜಿಲಾನಿ ಪಾಷಾ ಅವರು ಬಂದು ಹಿಂಬದಿಯ ಹಲಗೆ ಬಿಚ್ಚಿದರೆ ಒಳಗಿಂದ ನೀರು ಸುರಿಯಿತು, ಹಿಂದೆಯೇ ಒಂದು ತುಳಸಿ ಎಲೆ ಬಂತು. “ಬಿಜಲಿ ಸಾಮಾನಿಗೆ ಯಾರ್ರೀ ಜಳಕಾ ಮಾಡ್ಸಿದ್ರು?” ಎಂದು ಅವರು ಕೇಳಿದರು. ಸುತ್ತ ನಿಂತಿದ್ದ ಹಿರಿಯರಿಗೆ ಆ ಕ್ಷಣದಲ್ಲಿ ಬೇರೆ ಬೇರೆ ಕೆಲಸ ನೆನಪಾದವು, ಹೊರಟುಹೋದರು. ಪೆಟ್ಟಿಗೆ ಈಗ ದುರಸ್ತಿಯಾಗಿದೆ.

7. ನಮೂನೆ ಏಳರ ಕೊನೆಯ ಪ್ರಶ್ನೆ: ಸಂದೇಶ ಜನರನ್ನು ತಲುಪಿತೇ? ಅರ್ಜಿದಾರನು ‘ಒಬ್ಬರಿಗೆ ತಲುಪಿತು’ ಎಂದು ಬರೆದದ್ದನ್ನು ತಮ್ಮ ಜ್ಞಾಪನದಲ್ಲಿ ಉದ್ಧಟತನ ಎಂದು ಕರೆಯಲಾಗಿದೆ. ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಕೀಲಿ ಕಸಿದುಕೊಂಡು, ಪೆಟ್ಟಿಗೆಯನ್ನು ‘ನಗುವ ಸ್ವಭಾವವುಳ್ಳ’ ಊರೊಂದಕ್ಕೆ, ದೇವದುರ್ಗದ ಕಡೆಗೆ, ಸಾಗಿಸುವುದಾಗಿಯೂ ಹೇಳಿದೆ. ಅರವತ್ತಮೂರು ಮಂದಿಗೆ ದಿನದ ದುಡಿತದ ಮೇಲೆ ಇರುವುದು ಆ ಒಂದು ಕಿಟಕಿ, ಅದರಲ್ಲೊಬ್ಬ ಗೋಪಮ್ಮ. ಅದೂ ಹೋದರೆ ಕೇರಿಗೆ ನಿಜವಾಗಿಯೂ ಕತ್ತಲಾಗುತ್ತದೆ. ಇದನ್ನು ಬರೆಯುವಾಗ ಅರ್ಜಿದಾರನಿಗೆ ವ್ಯಂಗ್ಯ ಹೊಳೆಯುತ್ತಿಲ್ಲ, ಕ್ಷಮಿಸಬೇಕು.

ಆದ್ದರಿಂದ, ಮೇಲೆ ಹೇಳಿದ ಎಲ್ಲ ಕಾರಣಗಳಿಂದ, ಪೆಟ್ಟಿಗೆಯನ್ನು ಕೆಂಚಮರಡಿಯಲ್ಲೇ ಉಳಿಸಬೇಕೆಂದೂ, ಇನ್ನು ಮುಂದೆ ನಾಟಕದಲ್ಲಿ ಯಾರಾದರೂ ಯಾರನ್ನಾದರೂ ಒಳಗೆ ಕರೆಯುವ ಮುನ್ನ ‘ಈ ಕರೆ ಹೊರಗೆ ನಿಂತವರಿಗೆ ಅನ್ವಯಿಸುವುದಿಲ್ಲ’ ಎಂದು ಪ್ರಕಟಣೆ ಕೊಡಿಸಬೇಕೆಂದೂ ಪ್ರಾರ್ಥನೆ.

ಹೊಸ್ತಿಲಾಚೆಯಿಂದ,
ತಮ್ಮ ವಿಶ್ವಾಸಿ,
ಉರುಕುಂದಪ್ಪ

ಲಗತ್ತುಗಳು:
1) ನಮೂನೆ ಏಳು, ತಿದ್ದುಪಡಿ ಇಲ್ಲದೆ.
2) ತುಳಸಿ ಎಲೆ, ಒಣಗಿದ್ದು, ಒಂದು.
3) ಜಿಲಾನಿ ಪಾಷಾ ಅವರ ದುರಸ್ತಿ ಚೀಟಿ.
4) ಮೂಕಮ್ಮನ ಹೆಬ್ಬೆಟ್ಟಿನ ಗುರುತು, ಕೆಳಗಿನ ಪ್ರಶ್ನೆ ಅವಳದೇ ಎಂಬುದಕ್ಕೆ.

ಷರಾ: ಉಲ್ಲೇಖ ಮೂರರ ಬಗ್ಗೆ. ಗುಂಡಿ ಬಂದ್ ಆದ ಕಾರಣ ಕಂತಿನ ಕೊನೆಯನ್ನು ಒಳಗಿನವರೂ ನೋಡಲಿಲ್ಲ, ಹೊರಗಿನವರೂ ನೋಡಲಿಲ್ಲ. ಅರ್ಜಿದಾರನ ತಾಯಿ ಅಂದಿನಿಂದ ದಿನಾ ಸಂಜೆ ಕೇಳುತ್ತಾಳೆ: “ಆ ಕೂಲಿ ಹೆಣ್ಣುಮಗಳು ಒಳಗ ಹೋದ್ಲಲ್ಲ, ಕುಂತ್ಲಾ? ಕುಡ್ಯಾಕ ನೀರರ ಕೊಟ್ರಾ?” ತಮ್ಮ ಕಡತದಲ್ಲಿ ಇದರ ಮಾಹಿತಿ ಇದ್ದಲ್ಲಿ ಒಂದು ಕಾರ್ಡು ಬರೆದು ತಿಳಿಸಬೇಕು. ಪೆಟ್ಟಿಗೆಯಲ್ಲಿ ಮಾತ್ರ ಹೇಳಿಸಬಾರದು. ಮತ್ತೆ ಎದ್ದು ಹೋದಾಳು.